ಮಗಳು ಖಡಕ್‌ವಾಸ್ಲಾದಲ್ಲಿ, ಕಾರು ಹಾಸನದಲ್ಲಿ: ವಿಮೆ ಯಾರಿಗಾಗಿ?

ಪ್ರಶ್ನೆ: ನಾವು ಹಾಸನದವರು. ಮಗಳಿಗೆ 19 ವರ್ಷ. ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಎರಡನೆಯ ವರ್ಷದ ಕೆಡೆಟ್. ಕಾರು ನಮ್ಮ ಯಜಮಾನರ ಹೆಸರಿನಲ್ಲಿದೆ. 1,197 ಸಿಸಿ ಪೆಟ್ರೋಲ್ ಕಾರು, ಆರನೆಯ ವರ್ಷ ನಡೆಯುತ್ತಿದೆ, ಇದುವರೆಗೆ ಒಂದೂ ಕ್ಲೈಮ್ ಮಾಡಿಲ್ಲ. ಯಜಮಾನರಿಗೆ ಕಲಬುರಗಿಗೆ ವರ್ಗವಾಗಿದೆ, ನನಗೆ ಕಾರು ಓಡಿಸಲು ಬರುವುದಿಲ್ಲ. ಹೀಗಾಗಿ ಕಾರು ಹೆಚ್ಚಿನ ದಿನ ಶೆಡ್ಡಿನಲ್ಲೇ ಇರುತ್ತದೆ. ಮಗಳು ರಜೆಗೆ ಬಂದಾಗ ಓಡಿಸುತ್ತಾಳೆ. ಮಕ್ಕಳು ದೂರದಲ್ಲಿ ಓದುತ್ತಿದ್ದರೆ ಪ್ರೀಮಿಯಂ ಇಳಿಸುತ್ತಾರೆ, ನೀವೂ ಕೇಳಿ ಎಂದು ಅಮೆರಿಕದಲ್ಲಿರುವ ನನ್ನ ತಮ್ಮ ಹೇಳುತ್ತಾನೆ. ಕಾರನ್ನು ಮಗಳ ಹೆಸರಿಗೆ ಮಾಡಿಸಿದರೆ ಸೇನೆಯವರ ರಿಯಾಯಿತಿ ಸಿಗುತ್ತದೆ ಎಂದು ಏಜೆಂಟ್ ಹೇಳುತ್ತಾರೆ. ಓಡದ ಕಾರಿಗೆ ಫುಲ್ ಇನ್ಶೂರೆನ್ಸ್ ಏಕೆ, ಥರ್ಡ್ ಪಾರ್ಟಿ ಸಾಕು ಎನ್ನುವುದು ಯಜಮಾನರ ಅಭಿಪ್ರಾಯ. ಮುಂದೆ ಡೆಹ್ರಾಡೂನ್‌ಗೆ ಹೋಗುವಾಗ ಕಾರು ಒಯ್ಯಬೇಕೆಂದು ಮಗಳ ಆಸೆ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಮನೆಯಲ್ಲಿ ಎಲ್ಲರೂ ಕಾರಿನ ಬಗ್ಗೆ, ಪ್ರೀಮಿಯಂ ಬಗ್ಗೆ ಯೋಚಿಸಿದ್ದೀರಿ. ಅದನ್ನು ಓಡಿಸುವ ಮಗಳ ಬಗ್ಗೆ ಯಾರೂ ಕೇಳಿಲ್ಲ. ನಿಮ್ಮ ಈಗಿನ ಪಾಲಿಸಿಯಲ್ಲಿ ನಿಜವಾದ ಕೊರತೆ ಇರುವುದು ಅಲ್ಲಿಯೇ. ಆದ್ದರಿಂದ ಉಳಿದ ಪ್ರಶ್ನೆಗಳಿಗಿಂತ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ನಿಮ್ಮ ತಮ್ಮನ ಮಾತು. ಅವರು ಹೇಳಿದ್ದು ಅಲ್ಲಿಯ ಮಟ್ಟಿಗೆ ನಿಜ. ಅಮೆರಿಕದಲ್ಲಿ ಮನೆಯಲ್ಲಿ ಕಾರು ಓಡಿಸುವವರೆಲ್ಲರ ಹೆಸರನ್ನು ಪಾಲಿಸಿಯಲ್ಲಿ ಬರೆಸುವುದು ವಾಡಿಕೆ. ಹದಿಹರೆಯದ ಮಗನೋ ಮಗಳೋ ಸೇರಿದ ಕೂಡಲೇ ಪ್ರೀಮಿಯಂ ಏರುತ್ತದೆ. ಆ ಮಗು ಮನೆಯಿಂದ ಸುಮಾರು 100 ಮೈಲಿಗಿಂತ ದೂರದ ಕಾಲೇಜಿಗೋ ಸೈನಿಕ ಅಕಾಡೆಮಿಗೋ ಕಾರು ಒಯ್ಯದೆ ಹೋದರೆ, ಏರಿಸಿದ್ದರಲ್ಲಿ ಒಂದಿಷ್ಟನ್ನು ಹಲವು ಕಂಪನಿಗಳು ಇಳಿಸುತ್ತವೆ. ನಮ್ಮಲ್ಲಿ ಪಾಲಿಸಿ ನಿಂತಿರುವುದು ಕಾರಿನ ಮೇಲೆ ಮತ್ತು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರ ಮೇಲೆ. ಮಾಲೀಕರ ಒಪ್ಪಿಗೆಯಿಂದ, ಊರ್ಜಿತವಾದ ಲೈಸೆನ್ಸ್ ಇರುವ ಯಾರು ಓಡಿಸಿದರೂ ಕಾರಿನ ವಿಮೆ ನಡೆಯುತ್ತದೆ. ನಿಮ್ಮ ಮಗಳಿಗಾಗಿ ಇಲ್ಲಿ ಯಾರೂ ಪ್ರೀಮಿಯಂ ಏರಿಸಿಲ್ಲ, ಹಾಗಾಗಿ ಇಳಿಸುವ ಪ್ರಶ್ನೆಯೂ ಇಲ್ಲ. ಅವಳು ದೂರದಲ್ಲಿ ಓದುತ್ತಿದ್ದಾಳೆ ಎಂದು ಕಂಪನಿಗೆ ತಿಳಿಸಬೇಕಾದ ಅಗತ್ಯವೂ ಇಲ್ಲ.

ಲೈಸೆನ್ಸ್ ವಿಷಯದಲ್ಲಿ ಬೇರೆ ಕೆಡೆಟ್‌ಗಳ ತಂದೆತಾಯಂದಿರಿಗೆ ಒಂದು ಮಾತು ಹೇಳಲೇಬೇಕು. ಈ ಅಕಾಡೆಮಿಗೆ ಹದಿನಾರೂವರೆ ವರ್ಷದಿಂದಲೇ ಸೇರಬಹುದು. ಮೊದಲ ರಜೆಗೆ ಬರುವ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ. ಕೂದಲು ಕತ್ತರಿಸಿಕೊಂಡು, ಎದೆ ಸೆಟೆಸಿ ನಡೆಯುವ ಮಗನನ್ನು ಕಂಡು ಮನೆಯವರಿಗೆ ಅವನು ದೊಡ್ಡವನಾದ ಎನ್ನಿಸುತ್ತದೆ, ಕೀಲಿ ಕೊಟ್ಟುಬಿಡುತ್ತಾರೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮು ಇಂಥ ಸಂದರ್ಭದಲ್ಲಿ ಪೋಷಕರನ್ನೇ ಅಪರಾಧಿ ಎನ್ನುತ್ತದೆ: 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಕಾರಿನ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಡಬೇಕಾಗಿ ಬಂದರೂ ಆ ಹಣವನ್ನು ಕಾರಿನ ಮಾಲೀಕರಿಂದ ವಸೂಲಿ ಮಾಡಬಹುದು. ನಿಮ್ಮ ಮಗಳಿಗೆ 19 ಆಗಿದೆ; ಪಕ್ಕಾ ಲೈಸೆನ್ಸ್ ಇದ್ದರೆ ಚಿಂತೆಯಿಲ್ಲ. ಇನ್ನೂ ಎಲ್ಎಲ್ (ಕಲಿಯುವವರ ಲೈಸೆನ್ಸ್) ಆಗಿದ್ದರೆ ಕಾರಿಗೆ ಎಲ್ ಫಲಕ ಹಾಕಿ, ಲೈಸೆನ್ಸ್ ಇರುವವರು ಪಕ್ಕದಲ್ಲಿ ಕುಳಿತಿರಬೇಕು. ಆಗ ಮಾತ್ರ ಪಾಲಿಸಿ ಅವಳ ಚಾಲನೆಯನ್ನು ಒಪ್ಪುತ್ತದೆ.

ಈಗ ಮುಖ್ಯ ವಿಷಯ. ನಿಮ್ಮ ಪಾಲಿಸಿಯ ಪ್ರತಿಯನ್ನು ತೆಗೆದು ಪ್ರೀಮಿಯಂ ವಿವರವಿರುವ ಪುಟ ನೋಡಿ. ಒಂದು ಕಡೆ ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿನ ಹಾನಿಗೆ. ಇನ್ನೊಂದು ಕಡೆ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಅದರ ಕೆಳಗೆ ‘ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ’ ಎಂಬ ಸಾಲು, ಎದುರಿಗೆ 15 ಲಕ್ಷ ರೂಪಾಯಿ. ಬಹುತೇಕ ಮನೆಗಳಲ್ಲಿ ಈ ಸಾಲನ್ನು ನೋಡಿ, ಕಾರು ಓಡಿಸುವವರಿಗೆಲ್ಲ 15 ಲಕ್ಷದ ರಕ್ಷಣೆ ಇದೆ ಎಂದು ನಂಬಿರುತ್ತಾರೆ. ಹಾಗಿಲ್ಲ. ಅದು ಸಿಗುವುದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಹೆಸರಿರುವ, ಸ್ವತಃ ಲೈಸೆನ್ಸ್ ಹೊಂದಿರುವ ಮಾಲೀಕರಿಗೆ ಮಾತ್ರ. ಅಂದರೆ ಕಲಬುರಗಿಯಲ್ಲಿರುವ ನಿಮ್ಮ ಯಜಮಾನರಿಗೆ. ಸ್ಟಿಯರಿಂಗ್ ಹಿಡಿದಿರುವ ಮಗಳಿಗೆ ಅದರಲ್ಲಿ ಪಾಲಿಲ್ಲ.

ಹಾಗಾದರೆ ಥರ್ಡ್ ಪಾರ್ಟಿ ಭಾಗದಿಂದ ಅವಳಿಗೆ ಏನಾದರೂ ಸಿಗುತ್ತದೆಯೇ? ಎದುರಿನ ವಾಹನದವರದ್ದು ತಪ್ಪಾಗಿದ್ದರೆ ಆ ವಾಹನದ ವಿಮೆಯಿಂದ ಪರಿಹಾರ ಕೇಳಬಹುದು. ಆದರೆ ಬೇರೆ ಯಾರದೂ ತಪ್ಪಿಲ್ಲದೆ ಕಾರು ಜಾರಿ ಮರಕ್ಕೋ ಮೋರಿಗೋ ಬಡಿದರೆ ಬಾಗಿಲು ಮುಚ್ಚಿದಂತೆ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ನಿಂಗಮ್ಮ ಪ್ರಕರಣ ಕರ್ನಾಟಕದ್ದೇ. ಬೇರೆಯವರ ಬೈಕನ್ನು ಕೇಳಿ ಪಡೆದು ಹೊರಟಿದ್ದ ವ್ಯಕ್ತಿ ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡಿದ್ದರು. ಅವರ ಪತ್ನಿ ಆ ಬೈಕಿನ ವಿಮೆಯಿಂದ ಪರಿಹಾರ ಕೇಳಿದರು. ಮಾಲೀಕರಿಂದ ವಾಹನ ಪಡೆದು ಓಡಿಸುವವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ, ಅವರು ಮೂರನೆಯವರಲ್ಲ (ಥರ್ಡ್ ಪಾರ್ಟಿಯಲ್ಲ), ಆದ್ದರಿಂದ ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಮಿನಡಿ ಪರಿಹಾರ ಕೇಳಲಾಗದು ಎಂದು ನ್ಯಾಯಾಲಯ ಹೇಳಿತು. 2020ರ ಇನ್ನೊಂದು ತೀರ್ಪಿನಲ್ಲೂ ಇದೇ ನಿಲುವು ಮುಂದುವರಿಯಿತು. ಅಪ್ಪನ ಕಾರು ಓಡಿಸುವ ಮಗಳ ಸ್ಥಿತಿಯೂ ಇದೇ. ಮಾಲೀಕರ ಸ್ಥಾನದಲ್ಲಿ ನಿಲ್ಲಿಸುತ್ತಾರೆ, ಮಾಲೀಕರ 15 ಲಕ್ಷ ಮಾತ್ರ ಕೊಡುವುದಿಲ್ಲ. ಇದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಇಂದಿನ ಸ್ಥಿತಿ ಇದು, ಇದನ್ನು ಒಪ್ಪಿಕೊಂಡೇ ಏರ್ಪಾಡು ಮಾಡಿಕೊಳ್ಳಬೇಕು.

ಅವಳು ಮನೆಗೆ ಬರುವ ಕಾಲವನ್ನೂ ಗಮನಿಸಿ. ಖಡಕ್‌ವಾಸ್ಲಾದಲ್ಲಿ ಪಾಸಿಂಗ್ ಔಟ್ ಪೆರೇಡ್ ನಡೆಯುವುದು ಮೇ ಕೊನೆಗೆ ಮತ್ತು ನವೆಂಬರ್ ಕೊನೆಗೆ. ರಜೆ ಬರುವುದು ಅದರ ಬೆನ್ನಿಗೆ. ಜೂನ್ ಎಂದರೆ ನಮ್ಮಲ್ಲಿ ಮುಂಗಾರು ಹಿಡಿಯುವ ತಿಂಗಳು. ಸಕಲೇಶಪುರ ದಾಟಿದ ಮೇಲೆ ಶಿರಾಡಿ, ಕೊಟ್ಟಿಗೆಹಾರದಿಂದಾಚೆ ಚಾರ್ಮಾಡಿ, ಇತ್ತ ಮುಳ್ಳಯ್ಯನಗಿರಿಯ ಕಿರಿದಾದ ತಿರುವುಗಳು ಎಲ್ಲವೂ ಜಾರುವ, ಮಂಜು ಮುಸುಕುವ ಹೊತ್ತು. ಐದಾರು ತಿಂಗಳು ಸ್ಟಿಯರಿಂಗ್ ಮುಟ್ಟದೆ, ಅಕಾಡೆಮಿಯಲ್ಲಿ ಸೈಕಲ್ ತುಳಿದುಕೊಂಡಿದ್ದ ಹುಡುಗಿ ಆ ಹೊತ್ತಿಗೆ ಕಾರು ಹಿಡಿಯುತ್ತಾಳೆ, ಜೊತೆಗೆ ಗೆಳತಿಯರೂ ಇರುತ್ತಾರೆ. ಕೆಡೆಟ್‌ಗೆ ಕಾಲು ಮುರಿದರೆ ಆಸ್ಪತ್ರೆಯ ಬಿಲ್ಲಿಗೇ ಮುಗಿಯುವುದಿಲ್ಲ, ವೈದ್ಯಕೀಯ ಅರ್ಹತೆಯ ಪ್ರಶ್ನೆ ಏಳುತ್ತದೆ. ಆ ನಷ್ಟವನ್ನು ತುಂಬುವ ಪಾಲಿಸಿ ಯಾವುದೂ ಇಲ್ಲ. ರಜೆಯ ಮೊದಲ ಮೂರ್ನಾಲ್ಕು ದಿನ ಊರೊಳಗೇ ಓಡಿಸಿ ಕೈ ಕುದುರಿಸಿಕೊಳ್ಳಲಿ, ಘಾಟಿ ಆಮೇಲೆ ಎಂದು ಹೇಳಿ. ತಾಯಿಯ ಮಾತನ್ನು ಕೇಳುತ್ತಾಳೆ.

ಇನ್ನು ಏರ್ಪಾಡು. ಮೊದಲನೆಯದಾಗಿ, ಮಗಳ ಹೆಸರಿನಲ್ಲಿ ಪ್ರತ್ಯೇಕವಾದ ವೈಯಕ್ತಿಕ ಅಪಘಾತ ಪಾಲಿಸಿ ತೆಗೆಯಿರಿ. 2021ರ ಏಪ್ರಿಲ್‌ನಿಂದ ‘ಸರಳ ಸುರಕ್ಷಾ ಬಿಮಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. 18 ವರ್ಷ ತುಂಬಿದವರಿಗೆ ಎರಡೂವರೆ ಲಕ್ಷದಿಂದ 1 ಕೋಟಿಯವರೆಗೆ ವಿಮಾ ಮೊತ್ತ ಆರಿಸಿಕೊಳ್ಳಬಹುದು. ಅದು ಅಪ್ಪನ ಕಾರಿಗೆ ಅಂಟಿಕೊಂಡದ್ದಲ್ಲ. ಅವಳು ಪುಣೆಯಲ್ಲಿ ಆಟೊದಲ್ಲಿದ್ದರೂ, ಗೆಳತಿಯ ಸ್ಕೂಟರ್ ಹಿಂದೆ ಕೂತಿದ್ದರೂ ನಡೆಯುತ್ತದೆ. ಅರ್ಜಿಯಲ್ಲಿ ವೃತ್ತಿಯ ಜಾಗದಲ್ಲಿ ‘ವಿದ್ಯಾರ್ಥಿನಿ’ ಎಂದು ಬರೆದು ಮುಗಿಸಬೇಡಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್ ಎಂದೇ ಬರೆಯಿರಿ. ಅಪಘಾತ ಪಾಲಿಸಿಗಳಲ್ಲಿ ಯುದ್ಧ, ಸೇನಾ ಕಾರ್ಯಾಚರಣೆ, ಸಾಹಸ ಕ್ರೀಡೆ ಇಂಥವನ್ನು ಹೊರಗಿಡುವ ಷರತ್ತುಗಳು ಇರುತ್ತವೆ. ತರಬೇತಿಯಲ್ಲಿ ಆಗುವ ಗಾಯ ಪಾಲಿಸಿಯ ರಕ್ಷಣೆಯಲ್ಲಿ ಸೇರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಸೇರದಿದ್ದರೂ ರಜೆಯ ದಿನಗಳ ಮಟ್ಟಿಗೆ ಪಾಲಿಸಿ ಉಪಯುಕ್ತವೇ. ಯಾವುದಕ್ಕೆ ಹಣ ಕೊಡುತ್ತಿದ್ದೀರಿ ಎಂಬುದು ಗೊತ್ತಿದ್ದರೆ ಸಾಕು.

ಮಗಳಿಗೆ ಬ್ಯಾಂಕ್ ಖಾತೆ ಇದ್ದೇ ಇರುತ್ತದೆ. ಆ ಬ್ಯಾಂಕಿನಲ್ಲೇ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸೇರಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಅದರ ವರ್ಷ ಜೂನ್ 1ಕ್ಕೆ ಶುರುವಾಗುವುದರಿಂದ ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿರಲಿ. ಕಾರಿನ ಪಾಲಿಸಿಯಲ್ಲೇ ಮಗಳ ಹೆಸರು ನಮೂದಿಸಿ ಅಪಘಾತ ವಿಮೆ ಸೇರಿಸುವ ಅವಕಾಶವೂ ಇದೆ. ವಾಹನ ವಿಮೆಯ ಹಳೆಯ ನಿಯಮಪಟ್ಟಿಯ (ಟ್ಯಾರಿಫ್) ಪ್ರಕಾರ ಖಾಸಗಿ ಕಾರಿನಲ್ಲಿ ಒಬ್ಬರಿಗೆ 2 ಲಕ್ಷವೇ ಮಿತಿ. ಅಗ್ಗ, ಆದ್ದರಿಂದ ಬೇಡ ಎನ್ನಲಾರೆ. ಆದರೆ ಅದನ್ನೇ ನಂಬಿ ಕೂರಬೇಡಿ. ‘ಹೆಸರಿಲ್ಲದ ಪ್ರಯಾಣಿಕರು’ ಎಂಬ ಇನ್ನೊಂದು ಬಗೆಯಿದೆ, ಅದು ಜೊತೆಗೆ ಕೂರುವವರಿಗೆ. ಎರಡನ್ನೂ ಕಲಸಿ ಹೇಳುವ ಏಜೆಂಟರಿದ್ದಾರೆ, ಪಾಲಿಸಿಯಲ್ಲಿ ಮಗಳ ಹೆಸರು ಅಚ್ಚಾಗಿದೆಯೇ ಎಂದು ನೋಡಿಕೊಳ್ಳಿ.

ಯಜಮಾನರ ಪ್ರಶ್ನೆಗೆ ಬರೋಣ. ಥರ್ಡ್ ಪಾರ್ಟಿ ಸಾಕೇ? ಸಾಲದು, ಎರಡು ಕಾರಣಕ್ಕೆ. ಕಾರಿನಲ್ಲಿ ಕೂರುವ ಗೆಳತಿಯರು ಮೊದಲ ಕಾರಣ. ಸಮಗ್ರ ಪಾಲಿಸಿಯಲ್ಲಿ, ಅಂದರೆ ಯಜಮಾನರು ಫುಲ್ ಇನ್ಶೂರೆನ್ಸ್ ಎನ್ನುವುದರಲ್ಲಿ, ಕಾರಿನೊಳಗಿನವರ ಬಗೆಗಿನ ಹೊಣೆಯೂ ಸೇರಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು 2009ರಲ್ಲೇ ಕಂಪನಿಗಳಿಗೆ ಸ್ಪಷ್ಟಪಡಿಸಿದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಖಾಸಗಿ ಕಾರಿನ ಸಹಪ್ರಯಾಣಿಕರು ತಾವಾಗಿ ಸೇರುವುದಿಲ್ಲ. ನಾಲ್ಕು ಜನ ಕೆಡೆಟ್‌ಗಳನ್ನು ಕೂರಿಸಿಕೊಂಡು ಹೋಗಿ ಅಪಘಾತವಾದರೆ, ಆ ಮಕ್ಕಳ ಮನೆಯವರಿಗೆ ಪರಿಹಾರ ಕೊಡುವ ಹೊಣೆ ನೇರವಾಗಿ ನಿಮ್ಮ ಯಜಮಾನರ ತಲೆಗೆ ಬರುತ್ತದೆ. ಪ್ರೀಮಿಯಂ ಉಳಿಸಲು ಹೋಗಿ ಇಷ್ಟು ದೊಡ್ಡ ಹೊಣೆ ಹೊರುವುದನ್ನು ನಾನು ಯಾವ ಮನೆಗೂ ಹೇಳುವುದಿಲ್ಲ.

ಎರಡನೆಯ ಕಾರಣ, ನಿಂತ ಕಾರಿಗೂ ಅಪಾಯವಿದೆ. ಬೆಂಕಿ, ಕಳವು, ಬಿರುಗಾಳಿ, ನೆರೆ, ಭೂಕುಸಿತ, ಮೇಲೆ ಮರ ಬೀಳುವುದು ಇವೆಲ್ಲ ಓನ್ ಡ್ಯಾಮೇಜ್ ಭಾಗದಲ್ಲೇ ಬರುತ್ತವೆ. ಬೇಲೂರು, ಆಲೂರು, ಸಕಲೇಶಪುರದ ಕಡೆ ತೋಟದ ಮನೆಯಲ್ಲಿ ನಿಲ್ಲಿಸಿದ ಕಾರನ್ನು ಆನೆ ನೂಕಿದರೂ ಅದು ಹೊರಗಿನಿಂದ ಆದ ಆಕಸ್ಮಿಕ ಹಾನಿಯೇ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿಗೆ ನಮ್ಮಲ್ಲಿ ನಿತ್ಯದ ಶತ್ರು ಎಂದರೆ ಇಲಿ. ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕ ಹುಲ್ಲು, ಚಿಂದಿ, ಹಿಕ್ಕೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು ಒಳಗಿನ ತಾಮ್ರ ಮಿನುಗುತ್ತಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಕ್ಲೈಮ್ ಸಿಗುತ್ತದೆ, ಆದರೆ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆಯನ್ನು ಸವಕಳಿ ಎಂದು ಕಳೆಯುತ್ತಾರೆ. ಬ್ಯಾಟರಿ ತಾನಾಗಿ ಸತ್ತರೆ ಏನೂ ಸಿಗುವುದಿಲ್ಲ. ಪಕ್ಕದ ಮನೆಯ ನಂಬಿಕಸ್ಥರು ಯಾರಾದರೂ, ಲೈಸೆನ್ಸ್ ಇರುವವರು, ವಾರಕ್ಕೊಮ್ಮೆ ಕಾರು ತೆಗೆದು ಒಂದು ಸುತ್ತು ಹಾಕಿ ಬರಲಿ.

ಹಣ ಉಳಿಸುವ ನ್ಯಾಯವಾದ ದಾರಿ ಬೇರೆಯಿದೆ. 2022ರ ಜುಲೈನಲ್ಲಿ ಪ್ರಾಧಿಕಾರವು, ಓಡಿದಷ್ಟಕ್ಕೇ ಪ್ರೀಮಿಯಂ ಎನ್ನುವ ಸೌಲಭ್ಯಕ್ಕೆ ಅನುಮತಿ ಕೊಟ್ಟಿತು. ‘ಪೇ ಆ್ಯಸ್ ಯು ಡ್ರೈವ್’ ಎಂದು ಕೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ವರ್ಷಕ್ಕೆ ಇಷ್ಟು ಕಿಲೋಮೀಟರ್ ಎಂದು ಮೊದಲೇ ಆರಿಸಿದರೆ ಓನ್ ಡ್ಯಾಮೇಜ್ ಪ್ರೀಮಿಯಂ ಇಳಿಯುತ್ತದೆ. ನಿಮ್ಮಂಥ ಮನೆಗೆ ಹೇಳಿ ಮಾಡಿಸಿದ್ದು. ತಮ್ಮನವರು ಹೇಳಿದ ರಿಯಾಯಿತಿಗೆ ನಮ್ಮಲ್ಲಿ ಹತ್ತಿರವಾದದ್ದೂ ಇದೇ. ಪಾಲಿಸಿ ಕೊಳ್ಳುವ ದಿನ ಓಡೋಮೀಟರಿನ ಫೋಟೊ ತೆಗೆದಿಟ್ಟುಕೊಳ್ಳಿ. ಮಿತಿ ದಾಟಿದ ಮೇಲೆ ಸ್ವಂತ ಕಾರಿನ ಹಾನಿಗೆ ಏನಾಗುತ್ತದೆ, ನಡುವೆ ಕಿಲೋಮೀಟರ್ ಸೇರಿಸಿಕೊಳ್ಳಬಹುದೇ ಎಂಬುದನ್ನು ಆಯಾ ಕಂಪನಿಯ ಷರತ್ತಿನಲ್ಲಿ ಓದಿ. ಮಗಳ ಪಾಸಿಂಗ್ ಔಟ್ ಪೆರೇಡಿಗೆ ಈ ಕಾರಿನಲ್ಲೇ ಹೋಗುವ ಮನಸ್ಸಿದ್ದರೆ ಆ ವರ್ಷ ದೊಡ್ಡ ಮಿತಿ ಆರಿಸಿ: ಹಾಸನದಿಂದ ಪುಣೆಗೆ ಹೋಗಿ ಬರುವುದಕ್ಕೇ ಸಾವಿರದ ಐನೂರು ಕಿಲೋಮೀಟರ್ ಆಸುಪಾಸು ಆಗುತ್ತದೆ. ಥರ್ಡ್ ಪಾರ್ಟಿ ಪ್ರೀಮಿಯಂ ಮಾತ್ರ ಸರ್ಕಾರ ನಿಗದಿ ಮಾಡುವಂಥದ್ದು. 2022ರ ಜೂನ್ 1ರಿಂದ ಬಂದ ದರಪಟ್ಟಿಯಲ್ಲಿ 1,000ದಿಂದ 1,500 ಸಿಸಿವರೆಗಿನ ಕಾರಿಗೆ 3,416 ರೂಪಾಯಿ, ಮೇಲೆ ಜಿಎಸ್‌ಟಿ. ಕಾರು ಓಡಲಿ ಬಿಡಲಿ, ಅದರಲ್ಲಿ ಚೌಕಾಸಿ ಇಲ್ಲ.

ಇದುವರೆಗೆ ಕ್ಲೈಮ್ ಮಾಡಿಲ್ಲ ಎಂದಿದ್ದೀರಿ. ಸತತ ಐದು ವರ್ಷ ಕ್ಲೈಮ್ ಇಲ್ಲದಿದ್ದರೆ ನೋ ಕ್ಲೈಮ್ ಬೋನಸ್, ಅಂದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, 50 ಶೇಕಡಾ, ಅದಕ್ಕಿಂತ ಹೆಚ್ಚಿಲ್ಲ. ಇದು ನಿಮ್ಮ ಮನೆಯ ಆಸ್ತಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಸಾಮಾನ್ಯವಾಗಿ ಅದು ಸೊನ್ನೆಯಾಗುತ್ತದೆ. ಯಜಮಾನರು ಒಂದೂರಿನಲ್ಲಿ, ಕಾರು ಇನ್ನೊಂದೂರಿನಲ್ಲಿ ಇರುವ ಮನೆಗಳಲ್ಲಿ ಹೀಗೆ ಮರೆತು ಕಳೆದುಕೊಳ್ಳುವವರು ಬಹಳ ಮಂದಿ. ಸಣ್ಣ ಪೆಟ್ಟಿಗೆ ಕ್ಲೈಮ್ ಮಾಡುವ ಮುನ್ನವೂ ಲೆಕ್ಕ ಹಾಕಿ. ಮಗಳು ಗೇಟಿಗೆ ತಾಗಿಸಿ ಬಂಪರ್ ಒಡೆಯಿತು, ಬಂಪರಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಪ್ಲಾಸ್ಟಿಕ್ ಆದ್ದರಿಂದ ಅರ್ಧ ಕಳೆದರೆ 3,000. ಪ್ರತಿ ಕ್ಲೈಮಿನಲ್ಲೂ ನೀವೇ ಹೊರಬೇಕಾದ ಕಡ್ಡಾಯ ಕಡಿತ 1,000 ಹೋದರೆ ಕೈಗೆ 2,000. ಬೋನಸ್‌ಗೆ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 8,000 ಇದ್ದರೆ, ಮುಂದಿನ ವರ್ಷ ಬೋನಸ್ ಇಲ್ಲದೆ 4,000 ಹೆಚ್ಚು ಕಟ್ಟುತ್ತೀರಿ. ಇಂಥದ್ದನ್ನು ಕೈಯಿಂದಲೇ ರಿಪೇರಿ ಮಾಡಿಸಿ. ಜನ ‘ಬಂಪರ್ ಟು ಬಂಪರ್’ ಎನ್ನುವ ಸವಕಳಿ ಕಳೆಯದ ವಿಮೆ ಇದ್ದರೆ ಲೆಕ್ಕ ಬದಲಾಗುತ್ತದೆ.

ಏಜೆಂಟರ ಸಲಹೆಯನ್ನು ಒಪ್ಪಬೇಡಿ. ಸರ್ಕಾರದ ಆ ದರಪಟ್ಟಿಯಲ್ಲಿ ವಿದ್ಯುತ್ ವಾಹನಕ್ಕೆ, ಶಾಲಾ ಬಸ್ಸಿಗೆ, ವಿಂಟೇಜ್ ಕಾರಿಗೆ ರಿಯಾಯಿತಿ ಇದೆ. ಸೇನೆಯವರಿಗೆ ಎಂದು ಇಲ್ಲ. ಓನ್ ಡ್ಯಾಮೇಜ್ ಭಾಗದಲ್ಲಿ ಯಾವುದಾದರೂ ಕಂಪನಿ ತಾನಾಗಿ ಕೊಟ್ಟರೂ, ಕಾರು ಮಗಳ ಹೆಸರಿಗೆ ಹೋದ ದಿನವೇ ಯಜಮಾನರ 50 ಶೇಕಡಾ ಬೋನಸ್ ಈ ಕಾರಿನಿಂದ ಕಳಚಿಕೊಳ್ಳುತ್ತದೆ. ಬೋನಸ್ ಕಾರಿನದ್ದಲ್ಲ, ಪಾಲಿಸಿದಾರರದ್ದು. ಮಾಲೀಕರ ಮರಣಾನಂತರ ಕಾರು ಮನೆಯವರಿಗೆ ಬಂದಾಗ ಹೊರತು ಅದು ಇನ್ನೊಬ್ಬರಿಗೆ ಹೋಗುವುದಿಲ್ಲ. ಮಗಳ ಹೆಸರಿಗೆ ಮಾಡಿದರೆ ಮಾಲೀಕ-ಚಾಲಕರ 15 ಲಕ್ಷ ಅವಳಿಗೆ ಸಿಗುತ್ತದೆ ಎಂಬುದು ನಿಜ, ಆದರೆ ಅದೇ ರಕ್ಷಣೆ ಪ್ರತ್ಯೇಕ ಅಪಘಾತ ಪಾಲಿಸಿಯಿಂದ ಸುಲಭವಾಗಿ ಬರುತ್ತದೆ. ಹಾಗೂ ವರ್ಗಾವಣೆ ಮಾಡಿಸಿದರೆ, ಆರ್‌ಟಿಒ ಕೆಲಸದ ಜೊತೆಗೆ 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಿ ಪಾಲಿಸಿಯ ಹೆಸರು ಬದಲಿಸಬೇಕು. ಇದನ್ನು ಮರೆತ ಮನೆಗಳಲ್ಲಿ ಸ್ವಂತ ಕಾರಿನ ಕ್ಲೈಮ್ ನಿಂತುಹೋಗುತ್ತದೆ.

ಡೆಹ್ರಾಡೂನ್ ಪ್ರಯಾಣದ ಬಗ್ಗೆ ಮಗಳಿಗೆ ಸ್ವಲ್ಪ ತಾಳ್ಮೆ ಹೇಳಿ. ಖಡಕ್‌ವಾಸ್ಲಾದ ಮೂರು ವರ್ಷದ ನಂತರ ಭೂಸೇನೆಯವರಿಗೆ ಡೆಹ್ರಾಡೂನ್, ನೌಕಾಪಡೆಯವರಿಗೆ ಕೇರಳದ ಎಳಿಮಲ, ವಾಯುಪಡೆಯವರಿಗೆ ಹೈದರಾಬಾದ್ ಬಳಿಯ ದುಂಡಿಗಲ್. ಎಲ್ಲಿಗೆ ಹೋದರೂ ತರಬೇತಿಯಲ್ಲಿರುವವರು ವಾಹನ ಇಟ್ಟುಕೊಳ್ಳಬಹುದೇ ಎಂಬುದನ್ನು ಸೇರ್ಪಡೆಯ ಸೂಚನಾ ಪತ್ರದಲ್ಲಿ ಓದದೆ ಕಾರು ಕಳಿಸಬೇಡಿ. ಅಕಾಡೆಮಿಯ ಹೊರಗೆ ಯಾರದೋ ಅಂಗಳದಲ್ಲಿ ಬಿಟ್ಟ ಕಾರು ಕಳವಾದರೆ ಕಂಪನಿ ಎರಡೂ ಕೀಲಿ ಕೇಳುತ್ತದೆ, ಕಾರು ಅಲ್ಲಿ ಏಕಿತ್ತು ಎಂದು ಕೇಳುತ್ತದೆ. ಲಾರಿಯಲ್ಲೋ ರೈಲಿನಲ್ಲೋ ಸಾಗಿಸುವಾಗ ಆಗುವ ಹಾನಿಗೆ ಸಮಗ್ರ ಪಾಲಿಸಿಯಲ್ಲಿ ರಕ್ಷಣೆ ಇದೆ, ಅದೊಂದು ಸಮಾಧಾನ. ಹಾಸನದ ನೋಂದಣಿಯ (ಕೆಎ 13) ಕಾರನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿಯ ನೋಂದಣಿ ಮಾಡಿಸಬೇಕು, ಅಲ್ಲಿಯ ರಸ್ತೆ ತೆರಿಗೆ ಕಟ್ಟಬೇಕು. ತರಬೇತಿಯ ಒಂದು ವರ್ಷಕ್ಕೆ ಈ ಓಡಾಟ ಬೇಡ.

ಕಮಿಷನ್ ಸಿಕ್ಕಿ ಅಧಿಕಾರಿಯಾದ ಮೇಲೆ ದಾರಿ ಸುಲಭ. 2021ರ ಸೆಪ್ಟೆಂಬರ್‌ನಲ್ಲಿ ಬಂದ ಬಿಎಚ್ ಸರಣಿಯ ನೋಂದಣಿ ರಕ್ಷಣಾ ಸಿಬ್ಬಂದಿಗೆ ಸಿಗುತ್ತದೆ; ರಸ್ತೆ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ, ವರ್ಗವಾದಲ್ಲೆಲ್ಲ ಮರುನೋಂದಣಿ ಇಲ್ಲದೆ ಓಡಿಸಬಹುದು. ಆಗ ಅವಳ ಹೆಸರಿನಲ್ಲೇ ಹೊಸ ಕಾರು ಕೊಂಡರೆ ಸರಿ. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮೂರು ವರ್ಷಕ್ಕೆ ಕಟ್ಟಬೇಕು. ಓನ್ ಡ್ಯಾಮೇಜ್ ಭಾಗವನ್ನು ಒಂದೇ ವರ್ಷಕ್ಕೆ ತೆಗೆದು, ಮರುವರ್ಷ ಬೇರೆ ಕಂಪನಿಯ ದರ ನೋಡಲು ಅವಕಾಶ ಇಟ್ಟುಕೊಳ್ಳಲಿ. ಆ ಹೊತ್ತಿಗೆ ನೀವು ಹಾಸನದ ಕಾರನ್ನು ಮಾರುವುದಾದರೆ, ಮಾರಿದ ಕೂಡಲೇ ಯಜಮಾನರು ತಮ್ಮ ಕಂಪನಿಯಿಂದ ನೋ ಕ್ಲೈಮ್ ಬೋನಸ್ ಪತ್ರ ಕೇಳಿ ಪಡೆಯಲಿ. ಅದು ಮಗಳ ಕಾರಿಗೆ ನಡೆಯುವುದಿಲ್ಲ. ಆದರೆ ಹಳೆಯ ಪಾಲಿಸಿಯ ಅವಧಿ ಮುಗಿದ ಮೂರು ವರ್ಷದೊಳಗೆ ಅವರೇ ತಮ್ಮ ಹೆಸರಿನಲ್ಲಿ ಇನ್ನೊಂದು ಕಾರು ಕೊಂಡರೆ ಅದೇ 50 ಶೇಕಡಾ ಅಲ್ಲಿ ಸಿಗುತ್ತದೆ.